ಗೃಹಸ್ಥರ ಪುಟ: ಮಗನ ಮೊದಲ ಮೋಟಾರು ಸೈಕಲ್ಲು

ಶಿವಮೊಗ್ಗೆಯಿಂದ ಸೋದರಿಯೊಬ್ಬರು ಬರೆದ ಕಾಗದವು ನಮ್ಮ ಮೇಜಿನ ಮೇಲೆ ಹದಿನೈದು ದಿನಗಳಿಂದ ಉತ್ತರವಿಲ್ಲದೆ ಬಿದ್ದಿದೆ. ಈ ಪುಟಕ್ಕೆ ಬರುವ ಕಾಗದಗಳಿಗೆ ನಾವು ಅಷ್ಟು ತಡಮಾಡುವವರಲ್ಲ. ಉಪ್ಪಿನಕಾಯಿಗೆ ಬೂಷ್ಟು ಹಿಡಿದರೆ ಏನು ಮಾಡಬೇಕು, ಗೋಡೆಯ ತೇವವನ್ನು ತಡೆಯುವ ಬಗೆ ಯಾವುದು ಎಂಬಂಥ ಪ್ರಶ್ನೆಗಳಾದರೆ ಬಲ್ಲವರನ್ನು ವಿಚಾರಿಸಿ ಮುಂದಿನ ಸಂಚಿಕೆಯಲ್ಲಿಯೇ ಸಮಾಧಾನ ಹೇಳುವುದು ನಮ್ಮ ರೂಢಿ. ಆದರೆ ಈ ತಾಯಿಯ ಪ್ರಶ್ನೆಯು ಬೇರೆ ತೆರನಾದುದು. ಅವರ ಮಗನಿಗೆ ಹದಿನೆಂಟು ತುಂಬಿದೆ, ಪಿ.ಯು.ಸಿ. ಮುಗಿಸಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದಕ್ಕೆ ಸೇರಿರುವನು. ವಾಸದ ಕೊಠಡಿಗೂ ಕಾಲೇಜಿಗೂ ಒಂಬತ್ತು ಕಿಲೋಮೀಟರು ದೂರ. ನಡುವೆ ಎರಡು ಬಸ್ಸು ಬದಲಾಯಿಸಬೇಕು. ಮೋಟಾರು ಸೈಕಲ್ಲು ಬೇಕೆಂದು ಹಟ ಹಿಡಿದಿರುವನು. ತಮ್ಮ ಯೌವನದಲ್ಲಿ ಯೆಜ್ದಿ ಓಡಿಸಿದ ತಂದೆಯವರು, "ಕೊಡಿಸುವುದಾದರೆ ಬುಲೆಟ್ಟಿನ ಜಾತಿಯ ಗಟ್ಟಿ ಗಾಡಿಯನ್ನೇ ಕೊಡಿಸೋಣ, ರಸ್ತೆಯ ಮೇಲೆ ಅಲುಗಾಡದೆ ನಿಲ್ಲುತ್ತದೆ" ಎನ್ನುವರು. ಮಗನ ಕಣ್ಣು ಕೆ.ಟಿ.ಎಂ. ಡ್ಯೂಕಿನ ಮೇಲಿದೆ. ತಾಯಿಗೆ ಯಾವುದೂ ಬೇಡ.

"ಕೂಡಿಟ್ಟ ಹಣವೂ ಬ್ಯಾಂಕಿನ ಸಾಲವೂ ಸೇರಿದರೆ ಯಾವುದನ್ನಾದರೂ ಕೊಳ್ಳಬಲ್ಲೆವು" ಎಂದು ಅವರು ಬರೆದಿರುವರು. "ಕೊಡಿಸದೆ ಹೋದರೆ ಸ್ನೇಹಿತರ ಗಾಡಿಯನ್ನು ಎರವು ಪಡೆದು ಓಡಿಸುವನೆಂಬುದು ನನಗೆ ಗೊತ್ತು. ಕೊಡಿಸಿದರೆ ರಾತ್ರಿ ನನಗೆ ನಿದ್ದೆ ಬಾರದು. ಹುಡುಗನು ಐದಡಿ ಮೂರಂಗುಲ ಎತ್ತರ, ಐವತ್ತೆರಡು ಕಿಲೋ ತೂಕ. ನೀವೇ ಹೇಳಿ, ಯಾವುದನ್ನು ಕೊಡಿಸಲಿ?"

ತಡಕ್ಕೆ ಕಾರಣವನ್ನು ಮುಚ್ಚಿಡಬೇಕಾದ್ದಿಲ್ಲ. ಇದೇ ಪ್ರಶ್ನೆಯನ್ನು ಹನ್ನೆರಡು ವರ್ಷಗಳ ಹಿಂದೆ ನಮ್ಮ ಬಾಲ್ಯಸ್ನೇಹಿತರೊಬ್ಬರು ನಮ್ಮನ್ನು ಕೇಳಿದ್ದರು. ಆಗ ನಾವು ಬಹಳ ತಿಳಿದವರಂತೆ, "ಇಂದು ಸಣ್ಣದನ್ನು ಕೊಂಡರೆ ಎರಡು ವರ್ಷಕ್ಕೆ ಹುಡುಗ ದೊಡ್ಡದನ್ನು ಕೇಳಿಯೇ ಕೇಳುವನು. ಎರಡು ಸಲ ಖರ್ಚೇಕೆ? ಒಂದೇ ಬಾರಿಗೆ ದೊಡ್ಡದನ್ನು ಕೊಡಿಸಿಬಿಡು" ಎಂದೆವು. ಗೃಹಕೃತ್ಯದ ಲೆಕ್ಕದಲ್ಲಿ ಆ ಮಾತು ಸರಿಯಾಗಿಯೇ ತೋರಿತು. ಗಾಡಿ ಬಂದ ಮೂರನೆಯ ವಾರ, ಮಳೆ ನಿಂತ ಒಂದು ಬೆಳಗ್ಗೆ, ಹುಡುಗನು ಬಡಾವಣೆಯ ತಿರುವಿನಲ್ಲಿ ಹೋಗುತ್ತಿದ್ದಾಗ ಯಾರೋ ಮನೆ ಕಟ್ಟಿಸುವವರು ರಸ್ತೆಗೆ ಸುರಿದಿದ್ದ ಮರಳು ಎದುರಾಯಿತು. ವೇಗವೇನೂ ಹೆಚ್ಚಿರಲಿಲ್ಲ. ಹೆದರಿ ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿದನು. ಮುಂದಿನ ಚಕ್ರ ಜಾರಿತು. ನೂರ ಎಂಬತ್ತು ಕಿಲೋ ಮೀರಿದ ಕಬ್ಬಿಣ ಅವನ ಮಂಡಿಯ ಮೇಲೆ ಬಿತ್ತು. ಪ್ರಾಣಕ್ಕೆ ಅಪಾಯವಾಗಲಿಲ್ಲ; ಎರಡು ಶಸ್ತ್ರಚಿಕಿತ್ಸೆಗಳಾದವು. ಕಳೆದ ವರ್ಷ ಅವನ ತಂಗಿಯ ಮದುವೆಯಲ್ಲಿ ನಾವೆಲ್ಲ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತಾಗ, ಅವನು ಗೋಡೆಯ ಬದಿಯಲ್ಲಿ ಕುರ್ಚಿ ಹಾಕಿಸಿಕೊಂಡು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡನು. ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಲು ಆ ಮಂಡಿ ಮಡಿಯದು. ಸ್ನೇಹಿತರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅನ್ನಬಹುದಾಗಿತ್ತು.

ಆದಕಾರಣ ಈ ಸಲ ಬಾಯಿಗೆ ಬಂದುದನ್ನು ಬರೆಯದೆ, ಮೂವತ್ತು ವರ್ಷಗಳಿಂದ ಗಾಡಿ ರಿಪೇರಿ ಮಾಡುತ್ತಿರುವ ಮೇಸ್ತ್ರಿಯೊಬ್ಬರನ್ನೂ, ಡ್ರೈವಿಂಗ್ ಶಾಲೆಯ ಶಿಕ್ಷಕರೊಬ್ಬರನ್ನೂ, ಕಡೆಗೆ ಆ ಹುಡುಗನನ್ನೇ ಕೂಡ ವಿಚಾರಿಸಿ ಬಂದೆವು.

ಮೊದಲು ಕಾನೂನಿನ ಮಾತು. 1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ಹದಿನಾರು ತುಂಬಿದವರು 50 ಸಿ.ಸಿ. ಮೀರದ ಗೇರಿಲ್ಲದ ಗಾಡಿಯನ್ನು ಮಾತ್ರ ಓಡಿಸಬಹುದು. ಉಳಿದುದಕ್ಕೆಲ್ಲ ಹದಿನೆಂಟು ತುಂಬಬೇಕು. ಅಲ್ಲಿಂದ ಮುಂದೆ ಮೆಟ್ಟಿಲೇ ಇಲ್ಲ. ಆರ್.ಟಿ.ಓ. ಕಚೇರಿಯ ಬಯಲಿನಲ್ಲಿ ಸೋದರಮಾವನ 100 ಸಿ.ಸಿ. ಗಾಡಿಯ ಮೇಲೆ ಎಂಟು ಹಾಕಿ ತೋರಿಸಿದ ಹುಡುಗನು, ಲೈಸೆನ್ಸು ಕೈಗೆ ಬಂದ ಮರುದಿನವೇ 650 ಸಿ.ಸಿ.ಯ ಗಾಡಿಯನ್ನು ಹತ್ತಿ ಹೆದ್ದಾರಿಗೆ ಹೋದರೂ ಕೇಳುವವರಿಲ್ಲ. ಬೇರೆ ದೇಶಗಳಲ್ಲಿ ಹೀಗಿಲ್ಲ. ಯೂರೋಪಿನ ಒಕ್ಕೂಟದ ದೇಶಗಳಲ್ಲಿ ಮೊದಲ ಮೆಟ್ಟಿಲಿನವರಿಗೆ 125 ಸಿ.ಸಿ. ಹಾಗೂ 11 ಕಿಲೋವ್ಯಾಟ್, ಎಂದರೆ ಸುಮಾರು 15 ಅಶ್ವಶಕ್ತಿಯ ಮಿತಿ. ಎರಡನೆಯ ಮೆಟ್ಟಿಲಿನಲ್ಲಿ 35 ಕಿಲೋವ್ಯಾಟ್. ಆ ಮೆಟ್ಟಿಲಿನಲ್ಲಿ ಎರಡು ವರ್ಷ ಕಳೆದ ಬಳಿಕ ಮಿತಿಯಿಲ್ಲದ ಗಾಡಿಗೆ ದಾರಿ. ಒಂದೊಂದು ಮೆಟ್ಟಿಲಿನ ಪರೀಕ್ಷೆಯನ್ನೂ ಆಯಾ ಗಾತ್ರದ ಗಾಡಿಯ ಮೇಲೆಯೇ ಕೊಡಬೇಕು. ಸಿಂಗಪುರದಲ್ಲಿ ಮೊದಲು 200 ಸಿ.ಸಿ.ವರೆಗೆ, ಒಂದು ವರ್ಷ ಕಳೆದು ಮತ್ತೊಂದು ಪರೀಕ್ಷೆ ಗೆದ್ದರೆ 400ರವರೆಗೆ, ಅದರ ಮೇಲೆ ಮತ್ತೊಂದು ವರ್ಷ, ಮತ್ತೊಂದು ಪರೀಕ್ಷೆ. ಅಲ್ಲಿ ಸರ್ಕಾರವು ಕಟ್ಟಿರುವ ಈ ಮೆಟ್ಟಿಲನ್ನು ನಮ್ಮಲ್ಲಿ ಕಟ್ಟತಕ್ಕವರು ಯಾರು? ಮನೆಯ ಹಿರಿಯರಲ್ಲದೆ ಮತ್ತೊಬ್ಬರಿಲ್ಲ. ಶೋರೂಮಿನ ಮಾರಾಟಗಾರನು ಕಟ್ಟುವನೆಂದು ನಂಬಿ ಕೂರುವುದು ವ್ಯರ್ಥ.

ಸಂದರ್ಭ ಬಂದುದರಿಂದ ಇನ್ನೊಂದು ಮಾತನ್ನು ಹೇಳಿಬಿಡುವೆವು. ನಮ್ಮ ಬೀದಿಯಲ್ಲಿಯೇ ಒಂಬತ್ತನೆಯ ತರಗತಿಯ ಮಗನ ಕೈಗೆ ಗಾಡಿಯ ಕೀಲಿ ಕೊಟ್ಟು ಹಾಲು ತರಲು ಅಟ್ಟುವ ತಂದೆಯರಿರುವರು. 2019ರ ತಿದ್ದುಪಡಿಯಂತೆ ಅಪ್ರಾಪ್ತವಯಸ್ಕನು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಒಡೆಯರಿಗೆ ಮೂರು ವರ್ಷದವರೆಗೆ ಸೆರೆವಾಸವೂ 25,000 ರೂಪಾಯಿ ದಂಡವೂ ಆಗಬಹುದು. ಗಾಡಿಯ ನೋಂದಣಿ ಒಂದು ವರ್ಷ ರದ್ದಾಗುವುದು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೂ ಲೈಸೆನ್ಸು ದೊರೆಯದು. ಹಾಲು ಅಷ್ಟು ದುಬಾರಿಯಾಗಬೇಕಾದ್ದಿಲ್ಲ.

ಇನ್ನು ಗಾಡಿಯ ವಿಚಾರ. ನಮ್ಮ ಜನ ಮೋಟಾರು ಸೈಕಲ್ಲನ್ನು ಸಿ.ಸಿ.ಯಿಂದ ಅಳೆಯುವರು. ಸಿ.ಸಿ. ಎಂಬುದು ಎಂಜಿನಿನೊಳಗಿನ ಸಿಲಿಂಡರಿನ ಅಳತೆ ಮಾತ್ರ. ಅದರಿಂದ ಸವಾರನಿಗೆ ಬೇಕಾದುದು ತಿಳಿಯದು. ಗಾಡಿ ದೊಡ್ಡದಾಗುವುದು ಎರಡು ಬಗೆಯಲ್ಲಿ: ಒಂದು ಭಾರದಲ್ಲಿ, ಇನ್ನೊಂದು ಆತುರದಲ್ಲಿ. ಹೊಸಬನಿಗೆ ಎರಡೂ ಕೆಡುಕೇ; ಆದರೆ ಕೆಡುಕಿನ ಬಗೆ ಬೇರೆ. ಶಿವಮೊಗ್ಗೆಯ ಆ ಮನೆಯಲ್ಲಿ ತಂದೆಯವರು ಒಂದನ್ನು ಆರಿಸಿರುವರು, ಮಗನು ಇನ್ನೊಂದನ್ನು.

ಲೆಕ್ಕ ಹಾಕಿ ನೋಡೋಣ. ನಮ್ಮ ಊರುಗಳಲ್ಲಿ ಹಾಲಿನವರಿಂದ ಹಿಡಿದು ಮೇಷ್ಟರವರೆಗೆ ಎಲ್ಲರೂ ಓಡಿಸುವ ಹೀರೋ ಸ್ಪ್ಲೆಂಡರಿಗೆ 97 ಸಿ.ಸಿ. ಎಂಜಿನು, 8 ಅಶ್ವಶಕ್ತಿ, 112 ಕಿಲೋ ತೂಕ. ಎಂದರೆ ನೂರು ಕಿಲೋ ತೂಕಕ್ಕೆ ಏಳು ಕುದುರೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಕ್ಕೆ 20 ಅಶ್ವಶಕ್ತಿ, ತೂಕ 195 ಕಿಲೋ. ನೂರಕ್ಕೆ ಹತ್ತು ಕುದುರೆ. 2023ರಲ್ಲಿ ಬಂದ ಹೊಸ 390 ಡ್ಯೂಕಿಗೆ ಸುಮಾರು 46 ಅಶ್ವಶಕ್ತಿ, ತೂಕ 168 ಕಿಲೋ. ನೂರಕ್ಕೆ ಇಪ್ಪತ್ತೇಳು ಕುದುರೆ! ತಂದೆಯವರು ಮೆಚ್ಚಿರುವ ಜಾತಿಯ ಗಾಡಿ ನಿಜವಾಗಿ ಆತುರದ ಗಾಡಿಯಲ್ಲ. ಸ್ಪ್ಲೆಂಡರಿಗಿಂತ ಬಹಳ ಮುಂದಿಲ್ಲ. ಅದರ ತೊಂದರೆಯೆಲ್ಲ ನಿಂತಲ್ಲಿ. ಐವತ್ತೆರಡು ಕಿಲೋ ತೂಕದ ಹುಡುಗನು ತನ್ನ ಮೈಭಾರದ ಮೂರೂಮುಕ್ಕಾಲು ಪಟ್ಟನ್ನು ಕಾಲೇಜಿನ ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳಬೇಕು, ಜಲ್ಲಿಯ ಮೇಲೆ ಒಂದು ಕಾಲೂರಿ ಹಿಡಿದು ನಿಲ್ಲಿಸಬೇಕು. ಗಾಡಿ ನೆಟ್ಟಗಿರುವವರೆಗೆ ಭಾರ ತಿಳಿಯದು; ಒಂದು ಗೇಣು ವಾಲಿತೆಂದರೆ ಅದನ್ನು ತಡೆಯುವ ಬಲ ಆ ತೊಡೆಗಳಲ್ಲಿಲ್ಲ. ಹೊಸಬರು ಬೀಳುವುದು ಹೆದ್ದಾರಿಯಲ್ಲಿ ಮಾತ್ರವಲ್ಲ. ಮನೆಯ ಗೇಟಿನ ಮುಂದೆ, ಪೆಟ್ರೋಲ್ ಬಂಕಿನಲ್ಲಿ, ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಬೀಳುವರು. ಮೇಸ್ತ್ರಿಯವರು ಹೇಳಿದ ಮಾತಿದು: "ಹೊಸಬರ ಗಾಡಿಗಳಲ್ಲಿ ನಾನು ಮೊದಲು ಬದಲಾಯಿಸುವುದು ಕ್ಲಚ್ ಲಿವರು. ನಿಂತಲ್ಲೇ ಎಡಕ್ಕೆ ಬೀಳಿಸಿ ಮುರಿದಿರುತ್ತಾರೆ."

ಮಗನು ಮೆಚ್ಚಿರುವ ಗಾಡಿಯ ಕಥೆ ಬೇರೆ. ಅದು ಹಗುರ, ಬ್ರೇಕು ಚೆನ್ನಾಗಿದೆ, ತಿರುವಿನಲ್ಲಿ ಚುರುಕು. ಕಲಿತ ಕೈಗೆ ಅದು ಒಳ್ಳೆಯ ಗಾಡಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೊಸಬನ ಬಲಗೈ ಇನ್ನೂ ಅವನ ಮಾತನ್ನು ಕೇಳುವುದಿಲ್ಲ. ಹಂಪಿನ ಮೇಲೆ ಗಾಡಿ ಎಗರಿದಾಗ ಮೈ ಹಿಂದಕ್ಕೆ ವಾಲುವುದು. ಹಿಡಿಯನ್ನು ಹಿಡಿದ ಕೈ ತನಗರಿವಿಲ್ಲದೆ ತಿರುಗಿ ರೇಸು ಕೊಡುವುದು. ಸ್ಪ್ಲೆಂಡರಾದರೆ ಒಂದಿಷ್ಟು ಗೊರಗುಟ್ಟಿ ಸುಮ್ಮನಾದೀತು. ನೂರಕ್ಕೆ ಇಪ್ಪತ್ತೇಳು ಕುದುರೆ ಕಟ್ಟಿದ ಗಾಡಿಯು ಅದೇ ತಪ್ಪಿಗೆ ಎದುರಿನ ಬಸ್ಸಿನ ಹಿಂಬದಿಯವರೆಗೆ ಹೋಗಿ ನಿಲ್ಲುವುದು. ತಪ್ಪು ಮಾಡದೆ ಯಾರೂ ಕಲಿಯರು. ತಪ್ಪನ್ನು ಮನ್ನಿಸುವ ಗಾಡಿಯು ಮೊದಲ ಗಾಡಿಯಾಗಬೇಕು ಎಂದು ನಮ್ಮ ಅಭಿಪ್ರಾಯ.

ಎತ್ತರದ ವಿಷಯವನ್ನು ನಾವು ಮರೆತೇಬಿಡುತ್ತಿದ್ದೆವು. ನೆನಪಿಸಿದವನು ಆ ಸ್ನೇಹಿತರ ಮಗನು. ಕಾಗದವನ್ನು ಓದಿ ಹೇಳಿದಾಗ, "ಮಾಮಾ, ಬ್ರ್ಯಾಂಡು ಆಮೇಲೆ. ಕುಳಿತರೆ ಎರಡು ಹಿಮ್ಮಡಿಯೂ ನೆಲಕ್ಕೆ ತಾಗುತ್ತದೆಯೇ ಕೇಳಿ. ನನಗೆ ಬೆರಳಷ್ಟೇ ತಾಗುತ್ತಿತ್ತು, ನಾಚಿಕೆಗೆ ಹೇಳಲಿಲ್ಲ" ಎಂದನು. ಈ ಮಾತನ್ನು ನಾವು ಅಂದೇ ಕೇಳಬೇಕಾಗಿತ್ತು.

ಐದಡಿ ಮೂರಂಗುಲದವರಿಗೆ ಸೀಟಿನ ಎತ್ತರ 80 ಸೆಂಟಿಮೀಟರಿನ ಒಳಗಿದ್ದರೆ ಲೇಸು. ಸ್ಪ್ಲೆಂಡರಿನದು ಸುಮಾರು 78.5, ಕ್ಲಾಸಿಕ್ಕಿನದು 80.5, ಆ ಡ್ಯೂಕಿನದು 82. ಕಾಗದದ ಮೇಲೆ ಮೂರು ಸೆಂಟಿಮೀಟರು ಏನೂ ಅಲ್ಲವೆಂದು ತೋರುವುದು. ಮಳೆಯಲ್ಲಿ ಗುಂಡಿಯ ಬದಿಗೆ ಕಾಲೂರುವಾಗ ಅದೇ ಸರ್ವಸ್ವ. ಸೀಟಿನ ಅಗಲವೂ ಲೆಕ್ಕಕ್ಕೆ ಬರುವುದು. ಅಗಲವಾದ ಸೀಟು ತೊಡೆಗಳನ್ನು ಹೊರಕ್ಕೆ ತಳ್ಳಿ ಕಾಲನ್ನು ಗಿಡ್ಡಮಾಡುವುದು. ಆದುದರಿಂದ ಪುಸ್ತಿಕೆಯಲ್ಲಿನ ಅಂಕಿಯನ್ನು ನಂಬಿ ಮುಂಗಡ ಕೊಡಕೂಡದು. ಹುಡುಗನು ದಿನವೂ ಹಾಕುವ ಬೂಟನ್ನು ಹಾಕಿಕೊಂಡು ಶೋರೂಮಿಗೆ ಹೋಗಲಿ. ಗಾಡಿಯನ್ನು ಡಬಲ್ ಸ್ಟ್ಯಾಂಡಿನಿಂದ ತಾನೇ ಇಳಿಸಲಿ, ತಾನೇ ಏರಿಸಲಿ. ಎಂಜಿನು ಹಚ್ಚದೆ ಇಪ್ಪತ್ತು ಹೆಜ್ಜೆ ತಳ್ಳಿಕೊಂಡು ಹೋಗಿ, ತಿರುಗಿಸಿ, ಹಿಂದಕ್ಕೆ ತರಲಿ. ಮಾರುವವರ ಹುಡುಗರು ಸಹಾಯಕ್ಕೆ ಓಡಿಬಂದರೆ ಬೇಡವೆನ್ನಿರಿ. ಆ ಇಪ್ಪತ್ತು ಹೆಜ್ಜೆಗಳಲ್ಲಿ ಹಣೆ ಬೆವರಿದರೆ ಆ ಗಾಡಿ ಈ ವರ್ಷಕ್ಕಲ್ಲ.

ಬ್ರೇಕಿನ ವಿಷಯದಲ್ಲಿ ತುಸು ನಿಲ್ಲಬೇಕು. "ಮುಂದಿನ ಬ್ರೇಕ್ ಹಿಡಿಯಬೇಡ, ಮುಗ್ಗರಿಸುತ್ತೀಯೆ" ಎಂಬುದು ಸೈಕಲ್ಲಿನ ಕಾಲದಿಂದ ನಮ್ಮ ಮನೆಗಳಲ್ಲಿ ನಡೆದುಬಂದ ಉಪದೇಶ. ಹಿರಿಯರು ಸದ್ಭಾವದಿಂದಲೇ ಹೇಳುವರು; ಆದರೆ ಅದು ಅರ್ಧ ಮಾತ್ರ ನಿಜ. ಓಡುವ ಬಸ್ಸು ನಿಂತಾಗ ನಾವೆಲ್ಲ ಮುಂದಕ್ಕೆ ವಾಲುವುದಿಲ್ಲವೇ? ಮೋಟಾರು ಸೈಕಲ್ಲಿನ ಭಾರವೂ ಹಾಗೆಯೇ ಮುಂದಿನ ಚಕ್ರದ ಮೇಲೆ ಬೀಳುವುದು. ಹಿಂದಿನ ಚಕ್ರ ಹಗುರವಾಗುವುದು. ಭಾರ ಬಿದ್ದ ಚಕ್ರವು ನೆಲವನ್ನು ಕಚ್ಚಿ ಹಿಡಿಯುವುದು; ಹಗುರವಾದುದು ಜಾರುವುದು. ಹೀಗಾಗಿ ಗಾಡಿಯನ್ನು ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಬ್ರೇಕಿನದೇ. ಕಾಲಿನ ಬ್ರೇಕನ್ನೇ ನಂಬಿದವನಿಗೆ ಬೇಕಾದ ದೂರದಲ್ಲಿ ಗಾಡಿ ನಿಲ್ಲದು. ಹೆದರಿಕೆಯಲ್ಲಿ ಮುಂದಿನದನ್ನು ಗಬಕ್ಕನೆ ಹಿಡಿದವನಿಗೋ, ಚಕ್ರ ಬಿಗಿದುಹೋಗಿ, ನಮ್ಮ ಸ್ನೇಹಿತರ ಮಗನ ಗತಿ. ಹೂವಿನ ಬುಟ್ಟಿಯನ್ನು ಹಿಡಿದಂತೆ ಮೆಲ್ಲಗೆ ಹಿಡಿದು ಬಳಿಕ ಬಿಗಿ ಮಾಡುತ್ತ ಹೋಗುವುದು ಅಭ್ಯಾಸದಿಂದ ಬರುವ ವಿದ್ಯೆ.

ಆ ವಿದ್ಯೆ ಬರುವವರೆಗೆ ಕಾಯುವ ಒಂದು ಉಪಾಯವೇ ಎ.ಬಿ.ಎಸ್. ಎಂಬುದು. ಚಕ್ರದ ಬಳಿ ಒಂದು ಸಾಧನವಿದ್ದು ಅದರ ತಿರುಗುವಿಕೆಯನ್ನು ಗಮನಿಸುತ್ತಿರುವುದು. ಚಕ್ರವು ಬಿಗಿದುಹೋಗುವ ಸೂಚನೆ ಕಂಡೊಡನೆ ಬ್ರೇಕಿನ ಒತ್ತಡವನ್ನು ಬಿಟ್ಟು, ಮರಳಿ ಹಿಡಿದು, ಸೆಕೆಂಡಿಗೆ ಹಲವು ಬಾರಿ ಹೀಗೆಯೇ ಮಾಡಿ ಚಕ್ರ ತಿರುಗುತ್ತಲೇ ನಿಲ್ಲುವಂತೆ ನೋಡಿಕೊಳ್ಳುವುದು. 2019ರ ಏಪ್ರಿಲ್ 1ರಿಂದ 125 ಸಿ.ಸಿ. ಮೀರಿದ ಹೊಸ ಗಾಡಿಗಳಿಗೆಲ್ಲ ಇದನ್ನು ಕಡ್ಡಾಯ ಮಾಡಿದರು. ಅದಕ್ಕಿಂತ ಸಣ್ಣವಕ್ಕೆ, ಒಂದು ಬ್ರೇಕು ಒತ್ತಿದರೆ ಎರಡು ಚಕ್ರಕ್ಕೂ ಹಿಡಿಯುವ ಸಿ.ಬಿ.ಎಸ್. ಎಂಬ ಏರ್ಪಾಡಾದರೂ ಇರಬೇಕೆಂದರು. ಒಂದೇ ಚಾನಲಿನ ಎ.ಬಿ.ಎಸ್. ಸಾಮಾನ್ಯವಾಗಿ ಮುಂದಿನ ಚಕ್ರವನ್ನು ಮಾತ್ರ ಕಾಯುವುದು. ಎರಡು ಚಾನಲಿನದು ಎರಡನ್ನೂ. ಅಲಾಯ್ ಚಕ್ರಕ್ಕೆ, ಬಣ್ಣದ ಪಟ್ಟಿಗೆ, ಮೊಬೈಲಿಗೆ ಜೋಡಿಸುವ ಮೀಟರಿಗೆ ಹಣ ಸುರಿಯುವ ಬದಲು ಇದಕ್ಕೆ ಕೊಟ್ಟರೆ ಸಾರ್ಥಕ. ಆದರೂ ಇದು ಮಂತ್ರದ ತಾಯಿತವಲ್ಲ. ಅಂದು ಆ ಗಾಡಿಗೆ ಎ.ಬಿ.ಎಸ್. ಇದ್ದಿದ್ದರೂ ತಿರುವಿನ ಮರಳಿನಲ್ಲಿ ಹುಡುಗನನ್ನು ಪೂರ್ತಿ ಕಾಪಾಡುತ್ತಿತ್ತೆಂದು ನಾವು ಹೇಳಲಾರೆವು.

ದೂರದ ಲೆಕ್ಕವನ್ನೂ ಮಕ್ಕಳಿಗೆ ಒಮ್ಮೆ ಕಾಗದದ ಮೇಲೆ ಬರೆದು ತೋರಿಸುವುದು ಒಳ್ಳೆಯದು. ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 11 ಮೀಟರು ಮುಂದೆ ಹೋಗಿರುವುದು. 80ರಲ್ಲಿ 22 ಮೀಟರು. ಅಪಾಯವನ್ನು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಆ ಒಂದು ಸೆಕೆಂಡು ಕಳೆದೇಹೋಗುವುದು. ಬ್ರೇಕು ಹಿಡಿದ ಮೇಲೆ ಬೇಕಾಗುವ ದೂರವಂತೂ, ವೇಗ ಎರಡರಷ್ಟಾದರೆ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುವುದು. ಎಂಜಿನಿಯರಿಂಗ್ ಓದುವ ಹುಡುಗನಿಗೆ ಇದು ತಿಳಿಯದ ವಿಷಯವಲ್ಲ. ಆದರೆ ಪರೀಕ್ಷೆಯ ಉತ್ತರಪತ್ರಿಕೆಗೂ ವರ್ತುಲ ರಸ್ತೆಗೂ ಸಂಬಂಧವಿದೆಯೆಂಬುದನ್ನು ಯಾರಾದರೂ ನೆನಪಿಸಬೇಕು.

ತಂದೆಯವರ ಯೆಜ್ದಿಯ ವಿಷಯಕ್ಕೆ ಬರೋಣ. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿ ಗಾಡಿಗಳ ಮೇಲೆ ನಮಗೂ ಅಭಿಮಾನವುಂಟು. ಒದ್ದು ಎಂಜಿನು ಹಚ್ಚುವ ಸನ್ನೆಯನ್ನೇ ಮುಂದಕ್ಕೆ ಮಡಿಸಿ ಗೇರು ಹಾಕುವ ಆ ಚಮತ್ಕಾರವನ್ನು ಕಂಡವರು ಮರೆಯಲಾರರು. "ನಾನು ನೇರವಾಗಿ ಯೆಜ್ದಿಯನ್ನೇ ಹತ್ತಿದೆ, ನನಗೇನಾಯಿತು?" ಎಂದು ಅವರು ಕೇಳಿರುವರಂತೆ. ನೇರವಾಗಿ ಹತ್ತಿದರೇ? ಸ್ವಲ್ಪ ನೆನಪು ಮಾಡಿಕೊಳ್ಳಲಿ. ಆ ತಲೆಮಾರಿನವರು ಮೊದಲು ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ಲು ತಂದು ಒಳಪೆಡಲು ಹೊಡೆದು ಮಂಡಿ ತರಚಿಕೊಂಡರು. ಅನಂತರ ಹತ್ತು ವರ್ಷ ಸೈಕಲ್ಲಿನಲ್ಲಿ ಶಾಲೆಗೆ, ಸಂತೆಗೆ ಹೋದರು. ಬಳಿಕ ಚಿಕ್ಕಪ್ಪನವರ ಲೂನಾ. ಆಮೇಲೆ ಮೋಟಾರು ಸೈಕಲ್ಲು. ಬಡತನವೇ ಅವರಿಗೆ ಮೆಟ್ಟಿಲು ಕಟ್ಟಿಕೊಟ್ಟಿತ್ತು. ಶಾಲೆಯ ವ್ಯಾನಿನಲ್ಲಿ ಬೆಳೆದ ಇಂದಿನ ಹುಡುಗನಿಗೆ ಅದಾವುದೂ ಇಲ್ಲ. ರಸ್ತೆಯೂ ಆಗಿನ ರಸ್ತೆಯಲ್ಲ.

ಹಣದ ಹಂಚಿಕೆ. ಕೊಳ್ಳುವ ಬೆಲೆಯೊಂದೇ ಬೆಲೆಯಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಗಾಡಿಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ಅದಕ್ಕೆ ಮೀರಿದವಕ್ಕೆ 40ಕ್ಕೆ ಏರಿತು. ವಿಮೆಯಲ್ಲಿಯೂ ಇಂಥದೇ ಮಜಲುಗಳು. 2022ರಲ್ಲಿ ಗೊತ್ತುಪಡಿಸಿದ ದರದಂತೆ ಹೊಸ ಗಾಡಿಗೆ ಐದು ವರ್ಷದ ಮೂರನೆಯವರ ವಿಮೆಯು 75ರಿಂದ 150 ಸಿ.ಸಿ.ವರೆಗೆ 3,851 ರೂಪಾಯಿ, 350ರವರೆಗೆ 7,365, ಅದಕ್ಕೆ ಮೇಲ್ಪಟ್ಟು 15,117, ತೆರಿಗೆ ಬೇರೆ. ಈ ವಿಮೆಯು ನಮ್ಮ ಗಾಡಿಯಿಂದ ಪರರಿಗಾದ ನಷ್ಟಕ್ಕೆ ಮಾತ್ರ. ನಮ್ಮ ಗಾಡಿಯ ನಷ್ಟಕ್ಕೆ ಬೇರೆ ವಿಮೆ ಮಾಡಿಸಬೇಕು. ಸವಾರನಾದ ಒಡೆಯನ ಅಪಘಾತ ವಿಮೆ 15 ಲಕ್ಷದ್ದು. ಕಾಗದಗಳಲ್ಲಿ ಅದು ಸೇರಿದೆಯೇ ಎಂದು ನೋಡಿಕೊಳ್ಳಿರಿ. ಗಾಡಿ ತಂದೆಯ ಹೆಸರಿನಲ್ಲಿದ್ದು ಓಡಿಸುವವನು ಮಗನಾದರೆ ಆ ಹಣ ಯಾರಿಗೆ ಸಲ್ಲುವುದೆಂಬುದನ್ನೂ ಸಹಿ ಹಾಕುವ ಮುನ್ನವೇ ಕೇಳಿ ತಿಳಿಯತಕ್ಕದ್ದು.

ಹೆಲ್ಮೆಟ್ಟಿನ ಹಣವನ್ನು ಮೊದಲು ತೆಗೆದಿಟ್ಟು, ಉಳಿದುದರಲ್ಲಿ ಗಾಡಿ ಕೊಳ್ಳಬೇಕೆಂಬುದು ನಮ್ಮ ಹಟ. ಕೇಂದ್ರ ಸಾರಿಗೆ ಮಂತ್ರಾಲಯದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ; ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ಟಿಲ್ಲದೆ ಸತ್ತವರು 50,029. ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಈ ಅಂಕಿಗಳನ್ನು ಬರೆಯುವಾಗ ನಮ್ಮ ಲೇಖನಿಯೇ ತಡೆಯಿತು. ಐ.ಎಸ್.ಐ. ಗುರುತೂ ಐ.ಎಸ್. 4151 ಎಂಬ ಸಂಖ್ಯೆಯೂ ಇರುವ, ಗದ್ದವನ್ನೂ ಮುಚ್ಚುವ ಹೆಲ್ಮೆಟ್ಟನ್ನೇ ಆರಿಸಿರಿ. ತಲೆಗೆ ಹಾಕಿ ಅತ್ತಿತ್ತ ಆಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಆಡಬೇಕು. ಹೆಲ್ಮೆಟ್ಟು ಮಾತ್ರ ತಿರುಗಿದರೆ ಅದು ದೊಡ್ಡದು. ಪಟ್ಟಿ ಬಿಗಿಯದ ಹೆಲ್ಮೆಟ್ಟು ಬುಟ್ಟಿಗೆ ಸಮ. ಒಮ್ಮೆ ಬಲವಾಗಿ ಪೆಟ್ಟು ತಿಂದುದನ್ನು, ಹೊರಗೆ ಬಿರುಕು ಕಾಣದಿದ್ದರೂ, ಮರಳಿ ಹಾಕಕೂಡದು.

ಹಳೆಯ ಗಾಡಿ ಕೊಳ್ಳಬಹುದೇ ಎಂದು ಕೆಲವರು ಕೇಳುವರು. ಧಾರಾಳವಾಗಿ. ಮೊದಲ ವರ್ಷ ಹೇಗೂ ಒಂದೆರಡು ಬಾರಿ ಬೀಳಿಸುವ ಗಾಡಿಗೆ ಹೊಸ ಬಣ್ಣದ ಹೊಳಪೇಕೆ? ಆದರೆ 2019ಕ್ಕಿಂತ ಹಿಂದಿನದಾದರೆ ಎ.ಬಿ.ಎಸ್. ಇರದಿರಬಹುದು. ಬೆಳಗ್ಗೆ ಎಂಜಿನು ತಣ್ಣಗಿರುವಾಗಲೇ ಹೋಗಿ ಹಚ್ಚಿಸಿ ನೋಡಬೇಕು. ಹೊಗೆ ನೀಲಿಯಾಗಿದ್ದರೆ ಎಣ್ಣೆ ಸುಡುತ್ತಿದೆಯೆಂದರ್ಥ. ಮುಂದಿನ ಫೋರ್ಕಿನಲ್ಲಿ ಎಣ್ಣೆಯ ಜಿನುಗು, ಹ್ಯಾಂಡಲಿನಲ್ಲಿ ಸಡಿಲ, ಚೈನಿನ ಹಲ್ಲುಗಳ ಸವೆತ ಇವುಗಳನ್ನು ಪರಿಚಯದ ಮೇಸ್ತ್ರಿಯೊಬ್ಬರಿಂದ ನೋಡಿಸಿರಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುವುವು. ಮೊದಲೆರಡು ವಾರ, ಕೊನೆಯೆರಡು ವರ್ಷ. ಆರ್.ಸಿ.ಯಲ್ಲಿರುವ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲಿನವುಗಳೊಡನೆ ಹೋಲಿಸಬೇಕು. 29 ಮತ್ತು 30ನೆಯ ನಮೂನೆಗಳಿಗೆ ಮಾರಿದವರ ಸಹಿ, ಸಾಲವಿದ್ದಿದ್ದರೆ ತೀರಿದುದಕ್ಕೆ 35ನೆಯ ನಮೂನೆ. ಹೆಸರು ಬದಲಾಗದ ಗಾಡಿಯನ್ನು ಒಂದು ದಿನವೂ ಓಡಿಸಕೂಡದು.

ಹೆಣ್ಣುಮಕ್ಕಳ ತಾಯಂದಿರು ಸ್ಕೂಟರಿನ ಮಾತು ಎತ್ತುವರೆಂಬುದನ್ನು ಬಲ್ಲೆವು. ಸ್ಕೂಟರಿಗೆ ಗೇರಿಲ್ಲ, ಕಲಿಯುವುದು ಸುಲಭ. ಸಾಮಾನಿಗೆ ಜಾಗವೂ ಉಂಟು. ಆದರೆ ಅದರ ಚಕ್ರ ಚಿಕ್ಕದು. ಮೋಟಾರು ಸೈಕಲ್ಲಿನ ದೊಡ್ಡ ಚಕ್ರ ದಾಟಿಹೋಗುವ ಗುಂಡಿಯಲ್ಲಿ ಅದು ಇಳಿದುಬಿಡುವುದು. ಮಗಳು ಮೋಟಾರು ಸೈಕಲ್ಲನ್ನೇ ಕೇಳಿದರೆ ಹೆಣ್ಣೆಂಬ ಕಾರಣಕ್ಕೆ ಅಲ್ಲಗಳೆಯಬೇಕಾದ್ದಿಲ್ಲ. ಮೇಲೆ ಹೇಳಿದ ಇಪ್ಪತ್ತು ಹೆಜ್ಜೆಯ ಪರೀಕ್ಷೆ ಅವಳಿಗೂ ಅದೇ.

ಈಗ ಶಿವಮೊಗ್ಗೆಯ ಸೋದರಿಗೆ. ತಾಯಿ, ನಿಮ್ಮ ಮಗನಿಗೆ 150, 160 ಸಿ.ಸಿ.ಯ ಆಸುಪಾಸಿನ, 12ರಿಂದ 15 ಅಶ್ವಶಕ್ತಿಯ, 140 ಕಿಲೋ ಮೀರದ, ಎ.ಬಿ.ಎಸ್. ಇರುವ ಗಾಡಿಯನ್ನು ಕೊಡಿಸಿರಿ. ಯಮಾಹಾ ಎಫ್.ಝಡ್., ಹೊಂಡಾ ಯೂನಿಕಾರ್ನ್, ಟಿ.ವಿ.ಎಸ್. ಅಪಾಚೆ 160 ಇವೆಲ್ಲ ಆ ಅಂತಸ್ತಿನವು. ನೂರು ಕಿಲೋಗೆ ಒಂಬತ್ತು ಹತ್ತು ಕುದುರೆಯಿಂದ ಬಹಳ ಮೇಲೆ ಹೋಗವು. ಇವುಗಳಲ್ಲಿ ಅವನ ಹಿಮ್ಮಡಿ ಯಾವುದರಲ್ಲಿ ನೆಲಕ್ಕೆ ತಾಗುವುದೋ, ನಿಮ್ಮ ಮಗ ವಾಸವಿರುವ ಕಡೆ ಯಾವುದರ ಸರ್ವೀಸು ಹತ್ತಿರದಲ್ಲಿ ಸಿಕ್ಕುವುದೋ ಅದು. ಬಣ್ಣವನ್ನು ಅವನೇ ಆರಿಸಲಿ; ಅದರಲ್ಲಿ ನೀವು ಬಾಯಿ ಹಾಕಬೇಡಿರಿ. ಎರಡು ವರ್ಷ ಕಳೆದ ಮೇಲೆ ಡ್ಯೂಕಿನ ಮಾತು ಎತ್ತಬಹುದೆಂದು ಈಗಲೇ ಒಪ್ಪಂದ ಮಾಡಿಕೊಳ್ಳಿರಿ. ಪೂರ್ತಿ ಬೇಡವೆಂದರೆ ಸ್ನೇಹಿತರ ಗಾಡಿಯ ಎರವು ತಪ್ಪದು. ಸಣ್ಣದನ್ನು ಮಾರುವಾಗ ಆಗುವ ನಷ್ಟವನ್ನು ಕಾಲೇಜಿನ ಶುಲ್ಕದೊಡನೆ ಬರೆದಿಟ್ಟುಕೊಳ್ಳಿರಿ.

ಕಲಿಯುವುದು ಬೆಂಗಳೂರಿನಲ್ಲಿ ಬೇಡ. ಮುಂದಿನ ರಜೆಗೆ ಊರಿಗೆ ಬಂದಾಗ ಎಲ್ಲೆಲ್ಲಾರ್ ಮಾಡಿಸಿರಿ. ಅದು ಆರು ತಿಂಗಳು ಚಾಲ್ತಿಯಲ್ಲಿರುವುದು. ಮೂವತ್ತು ದಿನ ಕಳೆಯದೆ ಪರೀಕ್ಷೆಗೆ ಕರೆಯರು. ಆ ಮೂವತ್ತು ದಿನ ಯಜಮಾನರು ಬೆಳಗ್ಗೆ ಆರಕ್ಕೆ ಮಗನನ್ನು ಯಾವುದಾದರೂ ಬಯಲಿಗೆ ಕರೆದುಕೊಂಡು ಹೋಗಲಿ. ಯೆಜ್ದಿಯ ಅನುಭವ ಅಲ್ಲಿ ಉಪಯೋಗಕ್ಕೆ ಬಂದೀತು. ಗಾಡಿ ಓಡಿಸುವುದಕ್ಕಿಂತ ನಿಲ್ಲಿಸುವುದನ್ನು ಹೆಚ್ಚು ಕಲಿಸಲಿ: ಇಪ್ಪತ್ತರ ವೇಗದಲ್ಲಿ, ಮೂವತ್ತರಲ್ಲಿ, ನಲವತ್ತರಲ್ಲಿ, ಒಣ ನೆಲದಲ್ಲಿ, ಒದ್ದೆ ನೆಲದಲ್ಲಿ, ಎರಡು ಬ್ರೇಕನ್ನೂ ಕೂಡಿಸಿ. ಪರೀಕ್ಷೆ ಗೆದ್ದ ಮೇಲೆ ಮೊದಲ ಮೂರು ತಿಂಗಳು ಹಿಂದೆ ಯಾರನ್ನೂ ಕೂರಿಸಬಾರದು, ಕತ್ತಲಾದ ಮೇಲೆ ಹೊರಡಬಾರದು ಎಂಬ ಕರಾರು ಇರಲಿ.

ಗಾಡಿಯನ್ನು ಬೆಂಗಳೂರಿಗೆ ಹೆದ್ದಾರಿಯಲ್ಲಿ ಓಡಿಸಿಕೊಂಡು ಹೋಗುವೆನೆಂದು ಅವನು ಹೊರಡುವನು. ಹೊರಡದಿದ್ದರೆ ಅವನು ಹದಿನೆಂಟರ ಹುಡುಗನೇ ಅಲ್ಲ. ಒಪ್ಪಬೇಡಿರಿ. ರೈಲ್ವೆಯ ಪಾರ್ಸೆಲ್ ಕಚೇರಿಯಲ್ಲಿ ಆರ್.ಸಿ.ಯ ನಕಲು ಕೊಟ್ಟು, ಟ್ಯಾಂಕಿನ ಪೆಟ್ರೋಲನ್ನೆಲ್ಲ ಇಳಿಸಿ, ಗೋಣಿ ಸುತ್ತಿಸಿ ಕಳುಹಿಸಬಹುದು. ಹುಡುಗನು ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ರೈಲಿನಲ್ಲಿಯೇ ಹೋಗಲಿ.